ಯೋನಾತಾನನ ಬಗ್ಗೆ ಮಾತಾಡಬೇಕು, ಆದರೆ ನಾನೇ ಗೆಳೆಯನ ಪರ ನಿಲ್ಲಲಿಲ್ಲ

ಅಂಗಡಿ_ಹುಡುಗ:

ಎಲ್ಲರಿಗೂ ವಂದನೆ. ಬರುವ ತಿಂಗಳ ಮೊದಲ ಶುಕ್ರವಾರ ನಮ್ಮ ಸಭೆಯ ಯುವಕರ ಕೂಟದಲ್ಲಿ ನಾನು ಸಂದೇಶ ಕೊಡಬೇಕು. ವಾಕ್ಯಭಾಗವನ್ನೂ ಸಭಾಪಾಲಕರೇ ಆರಿಸಿ ಕೊಟ್ಟಿದ್ದಾರೆ. ಸತ್ಯವೇದದ ಒಂದನೇ ಸಮುವೇಲ 20ನೇ ಅಧ್ಯಾಯ, ದಾವೀದ ಮತ್ತು ಯೋನಾತಾನರ ಗೆಳೆತನ. ಅರಸ ಸೌಲ ದಾವೀದನನ್ನು ಕೊಲ್ಲಲು ಹುಡುಕುವಾಗ ಸೌಲನ ಮಗ ಯೋನಾತಾನನೇ ಗೆಳೆಯನ ಪರ ನಿಲ್ಲುತ್ತಾನೆ. ಸಂಡೇ ಸ್ಕೂಲಿನಿಂದ ಕೇಳಿಕೊಂಡು ಬಂದ ಕಥೆ. ಯೋನಾತಾನ ದಾವೀದನಿಗೆ ಸುಳಿವು ಕೊಡಲು ಬಾಣ ಬಿಡುವುದು, ಹುಡುಗ ಓಡುವುದು, ದಾವೀದ ಕಲ್ಲಿನ ಹತ್ತಿರ ಅಡಗಿರುವುದು, ಎಲ್ಲಾ ಬಾಯಿಪಾಠ. ಆದರೆ ಈ ಸಲ ಓದಲು ಕೂತರೆ ಅರ್ಧಕ್ಕೇ ಪುಸ್ತಕ ಮುಚ್ಚಿಟ್ಟೆ. ಯಾಕೆ ಅಂತ ಹೇಳುತ್ತೇನೆ.

ನಮ್ಮಪ್ಪನದು ಹಾರ್ಡ್‌ವೇರ್ ಅಂಗಡಿ. ನನ್ನ ಗೆಳೆಯ ನಮ್ಮ ಅಂಗಡಿಯಲ್ಲೇ ಆರು ವರ್ಷ ಕೆಲಸ ಮಾಡಿದ. ಒಂದೇ ಬೀದಿ, ಒಂದೇ ಸಭೆ, ದೃಢೀಕರಣ (ಸಭೆಯ ಪೂರ್ಣ ಸದಸ್ಯರಾಗುವ ಆರಾಧನೆ) ಕೂಡ ಇಬ್ಬರಿಗೂ ಒಂದೇ ದಿನ ಆಗಿದ್ದು. ಹೋದ ವರ್ಷ ದೀಪಾವಳಿಗೆ ಸ್ವಲ್ಪ ಮುಂಚೆ ಗಲ್ಲಾದಲ್ಲಿ ದುಡ್ಡು ಕಡಿಮೆ ಬಂತು. ಅಂಗಡಿಯಲ್ಲಿದ್ದ ಇನ್ನೊಬ್ಬ ಏನೋ ಹೇಳಿದ, ಅಪ್ಪ ಅದನ್ನೇ ನಂಬಿ ಇವನ ಮೇಲೆ ಹೊರಿಸಿದರು. ಅವನು ತೆಗೆದಿಲ್ಲ ಅಂತ ನನಗೆ ಗೊತ್ತು. ಆ ದಿನವೆಲ್ಲ ಅವನು ನನ್ನ ಜೊತೆಗೇ ಗೋಡೌನಿನಲ್ಲಿ ಸಿಮೆಂಟ್ ಲೋಡ್ ಇಳಿಸಿಕೊಳ್ಳುತ್ತಿದ್ದ, ಗಲ್ಲಾ ಹತ್ತಿರ ಬಂದೇ ಇಲ್ಲ. ಗಿರಾಕಿಗಳ ಎದುರಿಗೇ ಅಪ್ಪ ಬೈದು ಕಳಿಸಿದರು. ನಾನು ಕೌಂಟರ್ ಹಿಂದೆ ಮೊಳೆ ತೂಗುತ್ತಿದ್ದೆ. ತಲೆ ಎತ್ತಲಿಲ್ಲ. ಅವನು ಮೆಟ್ಟಿಲು ಇಳಿಯುವಾಗ ಒಂದು ಸಲ ತಿರುಗಿ ನನ್ನನ್ನು ನೋಡಿದ, ಆಮೇಲೆ ಹೋದ. ಈಗ ಬೇರೆ ಊರಿನಲ್ಲಿ ಟೈಲ್ಸ್ ಅಂಗಡಿಯಲ್ಲಿ ಇದ್ದಾನಂತೆ. ಒಂದು ಫೋನ್ ಕೂಡ ಮಾಡಿಲ್ಲ ನಾನು.

ಅಪ್ಪ ಕೆಟ್ಟವರಲ್ಲ. ಕಷ್ಟಪಟ್ಟು ಮೇಲೆ ಬಂದವರು, ಕೋಪ ಸ್ವಲ್ಪ ಜಾಸ್ತಿ. ಅವರ ಎದುರು ಇವತ್ತಿನವರೆಗೂ ಎದುರಾಡಿಲ್ಲ.

ಹೀಗಿರುವಾಗ ನಿಷ್ಠೆಯ ಗೆಳೆತನ ಅಂತ ಯಾವ ಬಾಯಲ್ಲಿ ಹೇಳಲಿ? ಅಪ್ಪನನ್ನು ಬಿಡದೆ ಗೆಳೆಯನ ಪರ ನಿಲ್ಲೋದು ಸಾಧ್ಯವಾ? ಈ ಭಾಗವನ್ನು ಚೆನ್ನಾಗಿ ಓದಿದವರು ದಯವಿಟ್ಟು ಬರೆಯಿರಿ. ಸಮಾಧಾನಕ್ಕೆ ಅಂತ ಬರೆಯಬೇಡಿ.

ಸಂಡೇಸ್ಕೂಲ್_ಆಂಟಿ:

ಮಗಾ, ನಿನ್ನ ಬರಹ ಓದಿ ಎದೆ ಭಾರವಾಯಿತು. ನಾನು ಮಕ್ಕಳಿಗೆ ಈ ಕಥೆಯನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಬಹಳ ವರ್ಷ ನಾನೂ ಬಾಣದ ಭಾಗವನ್ನೇ ಹೇಳಿ ಮುಗಿಸುತ್ತಿದ್ದೆ, ಮಕ್ಕಳಿಗೆ ಅದು ಇಷ್ಟ. ಆಮೇಲೆ ಒಂದು ಸಲ ಹಿಂದಿನ ಅಧ್ಯಾಯಗಳಿಂದ ಓದಿಕೊಂಡು ಬಂದಾಗಲೇ ಯೋನಾತಾನ ಕೊಟ್ಟಿದ್ದು ಏನು ಅಂತ ಅರ್ಥವಾಗಿದ್ದು.

18ನೇ ಅಧ್ಯಾಯದಲ್ಲಿ ಅವನು ತನ್ನ ನಿಲುವಂಗಿ, ಕತ್ತಿ, ಬಿಲ್ಲು, ನಡುಕಟ್ಟು ಎಲ್ಲವನ್ನೂ ಬಿಚ್ಚಿ ದಾವೀದನಿಗೆ ಕೊಡುತ್ತಾನೆ. ಸುಮ್ನೆ ಉಡುಗೊರೆ ಅಂದುಕೊಂಡು ಮುಂದೆ ಹೋಗಿಬಿಡುತ್ತೇವೆ. ಅದಕ್ಕೆ ಮುಂಚೆ 13ನೇ ಅಧ್ಯಾಯ ನೋಡು. ಇಸ್ರಾಯೇಲ್ ನಾಡಿನಲ್ಲಿ ಒಬ್ಬ ಕಮ್ಮಾರನೂ ಇರಲಿಲ್ಲ. ಇವರು ಕತ್ತಿ, ಈಟಿ ಮಾಡಿಕೊಳ್ಳಬಾರದು ಅಂತ ಫಿಲಿಷ್ಟಿಯರ ಲೆಕ್ಕ. ನೇಗಿಲ ಗುಳ, ಗುದ್ದಲಿ, ಕೊಡಲಿ ಹರಿತ ಮಾಡಿಸಬೇಕಾದರೂ ಜನ ಶತ್ರುಗಳ ಹತ್ತಿರವೇ ಹೋಗಿ ಕಾಸು ಕೊಡಬೇಕಿತ್ತು. ಯುದ್ಧದ ದಿನ ಇಡೀ ದಂಡಿನಲ್ಲಿ ಕತ್ತಿ ಇದ್ದದ್ದು ಇಬ್ಬರ ಹತ್ತಿರ. ಒಬ್ಬ ಸೌಲ, ಇನ್ನೊಬ್ಬ ಅವನ ಮಗ ಯೋನಾತಾನ. ಅಂಥ ನಾಡಿನಲ್ಲಿ ಒಬ್ಬ ಅರಸನ ಮಗ ತನ್ನ ಕತ್ತಿ ಬಿಚ್ಚಿ ಕುರಿ ಕಾಯುತ್ತಿದ್ದ ಹುಡುಗನ ಕೈಗೆ ಕೊಡುತ್ತಾನೆ. ನಿಮ್ಮದು ಕಬ್ಬಿಣದ ವ್ಯಾಪಾರ, ನಿನಗೆ ಬೇರೆ ಹೇಳಬೇಕಾಗಿಲ್ಲ.

ಇನ್ನೊಂದು. ಇಬ್ಬರೂ ಒಂದೇ ವಯಸ್ಸಿನವರು ಅಂತ ಚಿತ್ರಗಳಲ್ಲಿ ಬರೆಯುತ್ತಾರೆ, ಅದು ಸರಿ ಇರಲಿಕ್ಕಿಲ್ಲ. ಸೌಲನ ಆಳ್ವಿಕೆಯ ಶುರುವಿನಲ್ಲೇ ಯೋನಾತಾನ ಸಾವಿರ ಜನರ ದಂಡಿಗೆ ಮುಖ್ಯಸ್ಥ. ದಾವೀದ ಅರಸನಾದಾಗ ಅವನಿಗೆ 30 ವರ್ಷ. ಲೆಕ್ಕ ಹಾಕಿದರೆ ಯೋನಾತಾನ ತುಂಬಾ ದೊಡ್ಡವನು, ಪಟ್ಟಕ್ಕೆ ಬರಬೇಕಾದವನು. ಕೈಯಲ್ಲಿ ಬಲ ಇದ್ದವನು ಅವನು. ನಿಮ್ಮ ಅಂಗಡಿಯಲ್ಲೂ ಹಾಗೇ ಅಲ್ವಾ? ನಿನ್ನ ಗೆಳೆಯ ಕೆಲಸಕ್ಕಿದ್ದವನು, ನೀನು ಮಾಲೀಕನ ಮಗ. ಬಾಯಿ ತೆರೆದಿದ್ದರೆ ನಿನಗೆ ಆಗುತ್ತಿದ್ದ ನಷ್ಟ ಒಂದು ದಿನದ ಬೈಗುಳ. ತೆರೆಯದೆ ಇದ್ದದ್ದಕ್ಕೆ ಅವನಿಗೆ ಆದ ನಷ್ಟ ಕೆಲಸ ಮತ್ತು ಹೆಸರು. ಗಟ್ಟಿಯಾಗಿ ಹೇಳುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. ಸಮಾಧಾನಕ್ಕೆ ಬರೆಯಬೇಡಿ ಅಂತ ನೀನೇ ಕೇಳಿದ್ದೀಯ.

ಅಪ್ಪನ ಹತ್ತಿರ ಮಾತಾಡುವುದು ಹೇಗೆ ಅನ್ನುವುದಕ್ಕೆ 20ಕ್ಕಿಂತ 19ನೇ ಅಧ್ಯಾಯ ಮೊದಲು ಓದು. ಅಲ್ಲಿ ಯೋನಾತಾನ ಗುಂಪಿನ ಮಧ್ಯೆ ಕೂಗಾಡುವುದಿಲ್ಲ. ಅಪ್ಪನನ್ನು ಹೊಲದ ಕಡೆ ಕರೆದುಕೊಂಡು ಹೋಗಿ ಮಾತಾಡುತ್ತಾನೆ. ಅವನು ನಿನಗೆ ಏನೂ ತಪ್ಪು ಮಾಡಿಲ್ಲ, ಜೀವ ಕೈಯಲ್ಲಿ ಹಿಡಿದು ಆ ಫಿಲಿಷ್ಟಿಯ ಗೊಲ್ಯಾತನನ್ನು ಕೊಂದ, ಅದನ್ನು ನೀನೇ ಕಣ್ಣಾರೆ ನೋಡಿ ಸಂತೋಷಪಟ್ಟೆ, ಈಗ ಕಾರಣವಿಲ್ಲದೆ ನಿರಪರಾಧಿಯನ್ನು ಯಾಕೆ ಕೊಲ್ಲುತ್ತೀ, ಅಂತ. ನಡೆದದ್ದನ್ನೇ ನೆನಪಿಸುತ್ತಾನೆ. ಸೌಲ ಕೇಳಿದ ಕೂಡ! ದಾವೀದನನ್ನು ಕೊಲ್ಲಿಸುವುದಿಲ್ಲ ಅಂತ ಆಣೆ ಮಾಡಿದ. ಆ ಆಣೆ ಬಹಳ ದಿನ ಉಳಿಯಲಿಲ್ಲ, ಅದು ಬೇರೆ ವಿಷಯ. ನೀನೂ ನಿಮ್ಮಪ್ಪನ ಹತ್ತಿರ ಸಿಮೆಂಟ್ ಇಳಿಸಿದ ದಿನದ ವಿಷಯ ಹೇಳು. ಆ ದಿನ ಅವನು ಎಲ್ಲಿದ್ದ ಅಂತ ಗೊತ್ತಿರುವ ಒಬ್ಬನೇ ಸಾಕ್ಷಿ ನೀನು.

ಕಿತ್ತೂರು_ಕಡೆಯವ:

ಆಂಟಿ ಹೇಳಿದ್ದು ಸರಿ, ಆದರೆ ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತೇನೆ. ಯೋನಾತಾನನ ಗೆಳೆತನವನ್ನು ನಾವು ಜಾಸ್ತಿ ಹೊಗಳುತ್ತೇವೆ ಅಂತ ನನಗೆ ಅನ್ನಿಸುತ್ತದೆ. 20ನೇ ಅಧ್ಯಾಯದ ಕೊನೆಯ ವಚನ ನೋಡಿ. ದಾವೀದ ಎದ್ದು ಹೋದ, ಯೋನಾತಾನ ಊರಿಗೆ ವಾಪಸ್ ಬಂದ. 23ರಲ್ಲೂ ಅಷ್ಟೇ. ಜೀಫ್ ಅರಣ್ಯಕ್ಕೆ ಹೋಗಿ ಧೈರ್ಯ ಹೇಳುತ್ತಾನೆ, ನೀನೇ ಅರಸನಾಗುತ್ತೀ, ನಾನು ನಿನಗೆ ಎರಡನೆಯವನಾಗಿರುತ್ತೇನೆ ಅನ್ನುತ್ತಾನೆ, ಆಮೇಲೆ ಮನೆಗೆ ಹೋಗುತ್ತಾನೆ. ಅದಕ್ಕೆ ಮುಂಚೆಯೇ ಕಷ್ಟದಲ್ಲಿದ್ದವರು, ಸಾಲಗಾರರು, ಮನನೊಂದವರು ಸುಮಾರು 400 ಜನ ಎಲ್ಲಾ ಬಿಟ್ಟು ದಾವೀದನ ಜೊತೆ ಸೇರಿಕೊಂಡಿದ್ದರು. ದಾವೀದನ ಜೊತೆ ಗೆಳೆತನದ ಒಡಂಬಡಿಕೆ ಮಾಡಿದ್ದ ಯೋನಾತಾನ ಮಾತ್ರ ಅರಮನೆಯಲ್ಲೇ ಉಳಿದ. ಕೊನೆಗೆ ಫಿಲಿಷ್ಟಿಯರ ಜೊತೆಗಿನ ಯುದ್ಧದಲ್ಲಿ, ಗಿಲ್ಬೋವ ಬೆಟ್ಟದಲ್ಲಿ, ಸೌಲನ ಜೊತೆಗೇ ಸತ್ತ. ಎರಡನೆಯವನಾಗುವ ಮಾತು ನಡೆಯಲೇ ಇಲ್ಲ. ಈ ತರ ಬೋಧಿಸಿದ್ದನ್ನು ನಾನು ಒಂದಲ್ಲ ಎರಡು ಕಡೆ ಕೇಳಿದ್ದೇನೆ, ನನಗೂ ಅದೇ ಸರಿ ಅನ್ನಿಸಿತು.

ಅದಕ್ಕೇ ನಿಮಗೆ ಹೇಳುವುದು ಇಷ್ಟೇ ಬ್ರದರ್. ಅಪ್ಪ ಒಪ್ಪದಿದ್ದರೆ ಅಂಗಡಿ ಬಿಟ್ಟು ಹೊರಗೆ ಬನ್ನಿ. ಎರಡು ದೋಣಿಯಲ್ಲಿ ಕಾಲಿಟ್ಟು ಎಷ್ಟು ದಿನ ನಿಲ್ಲುತ್ತೀರಿ?

ಮಲೆನಾಡಿನ_ಓದುಗ:

ಕಿತ್ತೂರು ಕಡೆಯವರೇ, ನಿಮ್ಮ ಮಾತಿನಲ್ಲಿ ಬಿಸಿ ಇದೆ, ಆದರೆ ನಾನು ಒಪ್ಪುವುದಿಲ್ಲ. ದಾವೀದನೇ ಹಾಗೆ ಹೇಳಲಿಲ್ಲವಲ್ಲ! ಯೋನಾತಾನ ಸತ್ತ ಸುದ್ದಿ ಬಂದಾಗ ಅವನು ಹಾಡಿದ ಶೋಕಗೀತೆ ಎರಡನೇ ಸಮುವೇಲ 1ನೇ ಅಧ್ಯಾಯದಲ್ಲಿದೆ. ನನ್ನ ಜೊತೆ ಬರಲಿಲ್ಲ ಅನ್ನುವ ಒಂದು ಮಾತು ಅದರಲ್ಲಿ ಇಲ್ಲ. ಬದುಕಿನಲ್ಲೂ ಸಾವಿನಲ್ಲೂ ಅಪ್ಪ ಮಗ ಅಗಲಲಿಲ್ಲ ಅಂತ ಗೌರವದಿಂದಲೇ ನೆನೆಯುತ್ತಾನೆ. ತನ್ನನ್ನು ಅಟ್ಟಾಡಿಸಿದ ಸೌಲನನ್ನೂ ಸೇರಿಸಿ.

ಯೋನಾತಾನ ಅಪ್ಪನ ಜೊತೆ ಇದ್ದ, ಆದರೆ ಅಪ್ಪನ ತಪ್ಪಿನ ಜೊತೆ ಇರಲಿಲ್ಲ. ಫಿಲಿಷ್ಟಿಯರು ನಾಡಿನ ಮೇಲೆ ಬಂದಾಗ ಅಪ್ಪನ ಪಕ್ಕದಲ್ಲಿ ನಿಂತ. ಅಪ್ಪ ದಾವೀದನನ್ನು ಕೊಲ್ಲಲು ಹೊರಟಾಗ ಪಕ್ಕದಲ್ಲಿ ನಿಲ್ಲಲಿಲ್ಲ. ಅವನ ಎರಡು ಕಾಲೂ ಒಂದೇ ನೆಲದ ಮೇಲಿದ್ದವು ಅಂತ ನನಗೆ ಕಾಣುತ್ತದೆ.

ಅಂಗಡಿ ಹುಡುಗರೇ, ನೀವು 20ನೇ ಅಧ್ಯಾಯವನ್ನೇ ನಿಧಾನವಾಗಿ ಓದಿ, ಅದರಲ್ಲಿ ನಿಮಗೆ ಬೇಕಾದದ್ದು ತುಂಬಾ ಇದೆ. ಮೊದಲು ದಾವೀದ ಬಂದು ನಿಮ್ಮಪ್ಪ ನನ್ನನ್ನು ಕೊಲ್ಲಲು ಹುಡುಕುತ್ತಿದ್ದಾನೆ ಅಂದರೆ ಯೋನಾತಾನ ನಂಬುವುದೇ ಇಲ್ಲ. ನಮ್ಮಪ್ಪ ದೊಡ್ಡದಿರಲಿ ಸಣ್ಣದಿರಲಿ ನನಗೆ ಹೇಳದೆ ಏನೂ ಮಾಡುವುದಿಲ್ಲ ಅನ್ನುತ್ತಾನೆ. ಎಷ್ಟು ಸಹಜ ಅಲ್ವಾ! ಮಗನಾದವನು ಇನ್ನೇನು ಹೇಳುತ್ತಾನೆ? ದಾವೀದ ತಿರುಗಿ ಹೇಳುತ್ತಾನೆ, ನನ್ನ ಮೇಲೆ ನಿನಗೆ ಪ್ರೀತಿ ಇದೆ ಅಂತ ಗೊತ್ತಿರುವುದರಿಂದಲೇ ಅವನು ನಿನ್ನಿಂದ ಮುಚ್ಚಿಟ್ಟಿದ್ದಾನೆ, ನನಗೂ ಸಾವಿಗೂ ನಡುವೆ ಒಂದೇ ಹೆಜ್ಜೆ. ಆಗ ಯೋನಾತಾನ ವಾದ ಮಾಡುತ್ತಾ ಕೂರಲಿಲ್ಲ. ನಿನಗೆ ಏನು ಬೇಕೋ ಹೇಳು, ಮಾಡುತ್ತೇನೆ ಅಂದ. ತನ್ನ ಅಪ್ಪನ ಬಗ್ಗೆ ತಾನು ತಿಳಿದದ್ದೇ ತಪ್ಪಾಗಿರಬಹುದು ಅಂತ ಒಪ್ಪಿಕೊಂಡು ಪರೀಕ್ಷೆ ಮಾಡಲು ಹೊರಟ.

ಆಮೇಲೆ ಅಮಾವಾಸ್ಯೆ ಹಬ್ಬದ ಊಟ. ಸೌಲ ಗೋಡೆ ಪಕ್ಕದ ತನ್ನ ಜಾಗದಲ್ಲಿ ಕೂತಿದ್ದಾನೆ, ದಾವೀದನ ಜಾಗ ಖಾಲಿ. ಮೊದಲ ದಿನ ಸೌಲ ಏನೂ ಅನ್ನಲಿಲ್ಲ, ಮೈಲಿಗೆ ಏನೋ ಆಗಿರಬೇಕು ಅಂದುಕೊಂಡ. ಎರಡನೇ ದಿನ ಕೇಳಿದ. ಕೇಳುವಾಗ ದಾವೀದ ಅಂತ ಹೆಸರು ಹಿಡಿಯುವುದಿಲ್ಲ ನೋಡಿ, ಇಷಯನ ಮಗ ಅನ್ನುತ್ತಾನೆ. ಯೋನಾತಾನ ಉತ್ತರ ಕೊಡುವಾಗ ದಾವೀದ ಅಂತ ಹೆಸರು ಹಿಡಿದೇ ಹೇಳುತ್ತಾನೆ. ಈ ಚಿಕ್ಕ ವಿಷಯ ನನಗೆ ಮನಸ್ಸಿನಲ್ಲೇ ಉಳಿದುಬಿಟ್ಟಿದೆ. ನಿಮ್ಮ ಮನೆಯಲ್ಲಿ ನಿಮ್ಮ ಗೆಳೆಯನ ಹೆಸರು ಹೇಳಿ ಎಷ್ಟು ತಿಂಗಳಾಯಿತು?

ಸೌಲ ಸಿಟ್ಟಿನಿಂದ ಹೆತ್ತ ತಾಯಿಯನ್ನೂ ಸೇರಿಸಿ ಬೈಯುತ್ತಾನೆ. ಆ ಇಷಯನ ಮಗ ಬದುಕಿರುವವರೆಗೆ ನಿನಗೆ ಪಟ್ಟವಿಲ್ಲ ಅನ್ನುತ್ತಾನೆ. ಅದು ಸುಳ್ಳಲ್ಲ, ಯೋನಾತಾನನಿಗೂ ಅದು ಗೊತ್ತು. ಆದರೂ ಅವನು ಕೇಳುವುದು ಒಂದೇ ಪ್ರಶ್ನೆ: ಅವನು ಯಾಕೆ ಸಾಯಬೇಕು, ಏನು ಮಾಡಿದ್ದಾನೆ? ಉತ್ತರವಾಗಿ ಈಟಿ ಬಂತು. ಊಟ ಬಿಟ್ಟು ಎದ್ದ. ಈಟಿ ಬಂದದ್ದು ತನ್ನ ಮೇಲೆ, ಆದರೆ ಅವನು ನೊಂದದ್ದು ದಾವೀದನಿಗೆ ಆದ ಅವಮಾನಕ್ಕೆ ಅಂತ ಅಲ್ಲಿ ಬರೆದಿದೆ. ಮಾರನೇ ಬೆಳಿಗ್ಗೆ ಹೇಳಿದ ಹೊತ್ತಿಗೆ ಹೊಲಕ್ಕೆ ಹೋದ. ಇಬ್ಬರೂ ಮುದ್ದಿಟ್ಟುಕೊಂಡು ಅತ್ತರು, ದಾವೀದ ಇನ್ನೂ ಜಾಸ್ತಿ ಅತ್ತ.

ಅಂಗಡಿ_ಹುಡುಗ:

ಎಲ್ಲರಿಗೂ ಥ್ಯಾಂಕ್ಸ್. ಆಂಟಿ, ಬೇಜಾರಿಲ್ಲ. ಮಾಲೀಕನ ಮಗ ಅನ್ನುವ ಮಾತು ಚುಚ್ಚಿತು, ಚುಚ್ಚಬೇಕಾಗಿತ್ತು. ಹೆಸರು ಹಿಡಿಯುವ ವಿಷಯ ಓದಿದ ಮೇಲೆ ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಬೇಕೆಂತಲೇ ಅವನ ಹೆಸರು ಹೇಳಿದೆ. ಅಮ್ಮ ಬಡಿಸುತ್ತಿದ್ದ ಕೈ ಹಾಗೇ ನಿಲ್ಲಿಸಿದರು. ಅಪ್ಪ ಏನೂ ಅನ್ನಲಿಲ್ಲ.

ಒಂದು ಪ್ರಶ್ನೆ ಇದೆ. ದಾವೀದ ಬೇತ್ಲೆಹೇಮಿಗೆ ಮನೆತನದ ಬಲಿಗೆ ಹೋಗಿದ್ದಾನೆ ಅಂತ ಯೋನಾತಾನ ಅಪ್ಪನಿಗೆ ಹೇಳುತ್ತಾನೆ. ಅವನು ಹೊಲದಲ್ಲಿ ಅಡಗಿದ್ದ. ಕೂಟದಲ್ಲಿ ಯಾರಾದರೂ ಗೆಳೆಯನಿಗಾಗಿ ಸುಳ್ಳು ಹೇಳಬಹುದಾ ಅಂತ ಕೇಳಿದರೆ?

ಸಂಡೇಸ್ಕೂಲ್_ಆಂಟಿ:

ನನ್ನ ಕ್ಲಾಸಿನಲ್ಲಿ ಪ್ರತಿ ವರ್ಷ ಒಂದು ಮಗು ಇದನ್ನು ಕೇಳೇ ಕೇಳುತ್ತದೆ. ಸತ್ಯವೇದ ಅದನ್ನು ಹೊಗಳಿಲ್ಲ, ನಡೆದದ್ದನ್ನು ನಡೆದ ಹಾಗೆ ಬರೆದಿದೆ. ಒಂದು ಜೀವ ಉಳಿಸುವ ಹೊತ್ತು ಅದು. ನಿನ್ನ ವಿಷಯದಲ್ಲಿ ಆ ಪ್ರಶ್ನೆಯೇ ಬರುವುದಿಲ್ಲ ಮಗಾ. ನಿನ್ನ ಗೆಳೆಯನಿಗೆ ಬೇಕಾಗಿದ್ದದ್ದು ನೀನು ಸತ್ಯ ಹೇಳುವುದು.

ಹಳೇಪೇಟೆ_ಲೆಕ್ಕಿಗ:

ನಾನು ಸಭೆಯಲ್ಲಿ ಖಜಾಂಚಿಯಾಗಿ ಬಹಳ ವರ್ಷ ಇದ್ದವನು, ಅದಕ್ಕೇ ಇರಬೇಕು, ಇದೆಲ್ಲ ಓದುವಾಗ ನನಗೆ ಬೇರೆಯದೇ ಪ್ರಶ್ನೆ ಬಂತು. ಅವನನ್ನು ಕಳಿಸುವಾಗ ಆ ತಿಂಗಳ ಸಂಬಳ ಕೊಟ್ಟರಾ?

ಯಾಕೆ ಕೇಳುತ್ತೇನೆ ಅಂದರೆ, 20ನೇ ಅಧ್ಯಾಯದಲ್ಲಿ ಯೋನಾತಾನ ದಾವೀದನ ಹತ್ತಿರ ಒಂದು ಮಾತು ಕೇಳುತ್ತಾನೆ. ನಾನು ಸತ್ತರೂ ನನ್ನ ಮನೆಯವರ ಮೇಲೆ ನಿನ್ನ ದಯೆ ನಿಲ್ಲಿಸಬೇಡ ಅಂತ. ದಯೆ ಅಂತ ನಾವು ಓದುವ ಕಡೆ ಹೀಬ್ರೂ ಭಾಷೆಯಲ್ಲಿ ಇರುವುದು ಹೆಸೆದ್ ಅನ್ನುವ ಪದ. ಅದು ಅಯ್ಯೋ ಪಾಪ ಅನ್ನುವ ದಯೆ ಅಲ್ಲ. ಕೊಟ್ಟ ಮಾತಿಗೆ ಕಟ್ಟುಬಿದ್ದು ನಡೆದುಕೊಳ್ಳುವ ಪ್ರೀತಿ. ಅದೇ ಪದ ಎರಡನೇ ಸಮುವೇಲ 9ನೇ ಅಧ್ಯಾಯದಲ್ಲಿ ಮತ್ತೆ ಬರುತ್ತದೆ. ಅಷ್ಟು ಹೊತ್ತಿಗೆ ಯೋನಾತಾನ ಸತ್ತು ಎಷ್ಟೋ ವರ್ಷವಾಗಿದೆ, ದಾವೀದ ಯೆರೂಸಲೇಮಿನಲ್ಲಿ ಅರಸ. ಯೋನಾತಾನನಿಗೋಸ್ಕರ ನಾನು ದಯೆ ತೋರಿಸಲು ಸೌಲನ ಮನೆಯಲ್ಲಿ ಯಾರಾದರೂ ಉಳಿದಿದ್ದಾರಾ ಅಂತ ಅವನಾಗಿಯೇ ವಿಚಾರಿಸುತ್ತಾನೆ.

ಉಳಿದಿದ್ದವನು ಮೆಫೀಬೋಶೆತ, ಯೋನಾತಾನನ ಮಗ. ಗಿಲ್ಬೋವದ ಸುದ್ದಿ ಬಂದ ದಿನ ಅವನಿಗೆ 5 ವರ್ಷ. ದಾದಿ ಎತ್ತಿಕೊಂಡು ಓಡುವಾಗ ಬಿದ್ದು ಎರಡೂ ಕಾಲು ಊನವಾದವು. ಲೋದೆಬಾರ್ ಅನ್ನುವ ಊರಿನಲ್ಲಿ ಇನ್ನೊಬ್ಬರ ಮನೆಯಲ್ಲಿ ಇದ್ದ. ಅವನಿಗೂ ಆಗಲೇ ಒಬ್ಬ ಚಿಕ್ಕ ಮಗ ಇದ್ದ ಅಂತ ಬರೆದಿದೆ, ಅಂದರೆ ಎಷ್ಟು ವರ್ಷ ಕಳೆದಿರಬೇಕು ಯೋಚನೆ ಮಾಡಿ. ದಾವೀದ ಅವನನ್ನು ಕರೆಸಿ ಸೌಲನ ಹೊಲವೆಲ್ಲ ವಾಪಸ್ ಕೊಟ್ಟ. ದಿನಾ ತನ್ನ ಪಂಕ್ತಿಯಲ್ಲೇ ಊಟಕ್ಕೆ ಕೂರಿಸಿದ. ಹೊಲ ಉಳುವುದಕ್ಕೆ ಚೀಬ ಅನ್ನುವ ಸೇವಕನನ್ನು, ಅವನ 15 ಮಕ್ಕಳನ್ನು, 20 ಆಳುಗಳನ್ನು ಗೊತ್ತುಮಾಡಿದ. ಹೊಲ, ಆಳು, ಊಟ, ಎಲ್ಲಾ ಲೆಕ್ಕಕ್ಕೆ ಸಿಗುವ ವಿಷಯಗಳು. ತಡವಾಯಿತು, ನಿಜ. ತಡವಾಯಿತು ಅಂತ ಬಿಡಲಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ಚೆಂದದ ಕಥೆ. ಆದರೆ ಮುಂದೆ ಓದಿ, ಅದೇ ಎರಡನೇ ಸಮುವೇಲ 16ನೇ ಅಧ್ಯಾಯ. ಮಗ ಅಬ್ಷಾಲೋಮನ ದಂಗೆಗೆ ದಾವೀದ ಊರು ಬಿಟ್ಟು ಓಡುವಾಗ ಇದೇ ಚೀಬ ಕತ್ತೆಗಳ ಮೇಲೆ 200 ರೊಟ್ಟಿ, ಒಣದ್ರಾಕ್ಷಿ, ಹಣ್ಣು, ದ್ರಾಕ್ಷಾರಸ ಹೇರಿಕೊಂಡು ಬರುತ್ತಾನೆ. ನಿನ್ನ ಯಜಮಾನ ಎಲ್ಲಿ ಅಂದರೆ, ರಾಜ್ಯ ತನಗೆ ಸಿಗುತ್ತದೆ ಅಂತ ಅಲ್ಲೇ ಕೂತಿದ್ದಾನೆ ಅನ್ನುತ್ತಾನೆ. ದಾವೀದ ವಿಚಾರಿಸಲೇ ಇಲ್ಲ. ಮೆಫೀಬೋಶೆತನದೆಲ್ಲ ಇನ್ನು ನಿನ್ನದು ಅಂದುಬಿಟ್ಟ! ತಾನೇ ಮಾತು ಕೊಟ್ಟ ಗೆಳೆಯನ ಮಗನ ವಿಷಯದಲ್ಲಿ, ಒಬ್ಬನ ಮಾತು ಕೇಳಿ. 19ನೇ ಅಧ್ಯಾಯದಲ್ಲಿ ಮೆಫೀಬೋಶೆತ ಎದುರಿಗೆ ಬಂದಾಗ, ಅರಸ ಹೋದ ದಿನದಿಂದ ಅವನು ಕಾಲು ನೋಡಿಕೊಂಡಿಲ್ಲ, ಗಡ್ಡ ಕತ್ತರಿಸಿಲ್ಲ, ಬಟ್ಟೆ ಒಗೆಸಿಲ್ಲ. ಚೀಬ ಮೋಸ ಮಾಡಿದ ಅನ್ನುತ್ತಾನೆ. ದಾವೀದ ಆಗಲೂ ಪೂರ್ತಿ ಸರಿಮಾಡಲಿಲ್ಲ, ಇಬ್ಬರೂ ಹೊಲ ಹಂಚಿಕೊಳ್ಳಿ ಅಂದ. ಮೆಫೀಬೋಶೆತ ಅಂದ, ನೀನು ಸುಖವಾಗಿ ವಾಪಸ್ ಬಂದೆಯಲ್ಲ, ಬೇಕಾದರೆ ಎಲ್ಲಾ ಅವನೇ ತಗೊಳ್ಳಲಿ.

ಅಂಗಡಿ ಹುಡುಗಾ, ನಿಮ್ಮಪ್ಪ ಮಾಡಿದ್ದೂ ಇದೇ. ಒಬ್ಬ ಹೇಳಿದ, ಇವರು ನಂಬಿದರು. ದಾವೀದನಂಥವನೂ ಹಾಗೆ ಮಾಡಿದ ಅಂತ ನಿಮ್ಮಪ್ಪನಿಗೆ ಹೇಳಿದರೆ ಅವರಿಗೂ ಕೇಳಿಸಿಕೊಳ್ಳಲು ಸ್ವಲ್ಪ ಜಾಗ ಸಿಗಬಹುದು. ಸೌಲನ ಉದಾಹರಣೆ ಮಾತ್ರ ಕೊಡಬೇಡ, ಯಾವ ಅಪ್ಪನೂ ತಾಳುವುದಿಲ್ಲ. ಸಂಬಳದ ವಿಷಯ ಬರೆ. ಕೂಲಿಯವನ ಕೂಲಿಯನ್ನು ಆ ದಿನವೇ, ಹೊತ್ತು ಮುಳುಗುವ ಮುಂಚೆ ಕೊಡಬೇಕು ಅಂತ ಧರ್ಮೋಪದೇಶಕಾಂಡ 24ರಲ್ಲಿದೆ.

ಕಿತ್ತೂರು_ಕಡೆಯವ:

ಲೆಕ್ಕಿಗರೇ, 16 ಮತ್ತು 19 ಎರಡನ್ನೂ ಸೇರಿಸಿ ನಾನು ಓದಿರಲೇ ಇಲ್ಲ. ಅಂಗಡಿ ಬಿಡಿ ಅಂತ ನಾನು ಹೇಳಿದ್ದು ಆತುರದ ಮಾತಾಯಿತು ಬ್ರದರ್, ಹಿಂದಕ್ಕೆ ತಗೊಳ್ಳುತ್ತೇನೆ. ಯೋನಾತಾನ ಅರಮನೆಗೆ ವಾಪಸ್ ಹೋದದ್ದು ಸರಿಯೋ ತಪ್ಪೋ ಅನ್ನುವುದರಲ್ಲಿ ಮಾತ್ರ ನನ್ನ ಮನಸ್ಸು ಇನ್ನೂ ಪೂರ್ತಿ ಒಪ್ಪಿಲ್ಲ.

ಅಂಗಡಿ_ಹುಡುಗ:

ಸಂಬಳ ಕೊಟ್ಟಿರಲಿಲ್ಲ. ಪುಸ್ತಕ ತೆಗೆದು ನೋಡಿದೆ. 22 ದಿನದ ಸಂಬಳ ಬಾಕಿ ಇದೆ. ಅವನ ಹೆಸರಿನ ಎದುರು ಅಪ್ಪನ ಕೈಬರಹದಲ್ಲಿ ಒಂದು ಗೆರೆ ಎಳೆದಿದೆ, ಅಷ್ಟೇ.

ಶನಿವಾರ ಅಂಗಡಿ ಮುಚ್ಚಿದ ಮೇಲೆ ಶಟರ್ ಅರ್ಧ ಎಳೆದು ಅಪ್ಪನನ್ನು ಕೂರಿಸಿಕೊಂಡು ಮಾತಾಡಿದೆ. ಅವತ್ತು ಅವನು ಬೆಳಿಗ್ಗೆಯಿಂದ ಸಂಜೆಯವರೆಗೆ ನನ್ನ ಜೊತೆ ಗೋಡೌನಿನಲ್ಲಿದ್ದ, ನಾನು ಅವತ್ತೇ ಹೇಳಬೇಕಿತ್ತು, ಹೇಳಲಿಲ್ಲ, ತಪ್ಪು ನನ್ನದೂ ಇದೆ ಅಂದೆ. ದಾವೀದ ಮತ್ತು ಚೀಬನ ವಿಷಯವೂ ಹೇಳಿದೆ. ಅಪ್ಪ ಮೊದಲು ಸಿಟ್ಟಾದರು, ಇಷ್ಟು ದಿನ ಬಾಯಲ್ಲಿ ಏನು ಇಟ್ಟುಕೊಂಡಿದ್ದೆ ಅಂದರು. ಆಮೇಲೆ ಸುಮ್ಮನಾದರು. ತಪ್ಪಾಯಿತು ಅಂತ ಹೇಳಲಿಲ್ಲ. ಆದರೆ ಸಂಬಳದ ಪುಸ್ತಕ ತಾವೇ ಈ ಕಡೆ ಎಳೆದುಕೊಂಡು ಲೆಕ್ಕ ಹಾಕಿ, ದುಡ್ಡು ಎಣಿಸಿ ಕವರಿಗೆ ಹಾಕಿ ಮೇಜಿನ ಮೇಲಿಟ್ಟು ಮನೆಗೆ ಹೋದರು.

ಭಾನುವಾರ ಆರಾಧನೆ ಮುಗಿಸಿ ಬಸ್ ಹತ್ತಿದೆ. ಅವನು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿದ, ಒಳಗೆ ಕರೆಯಲಿಲ್ಲ. ಕವರ್ ತಗೊಂಡು ಎಣಿಸಲೂ ಇಲ್ಲ. ನೀನು ಅವತ್ತು ಮೊಳೆ ತೂಗುತ್ತಿದ್ದೆ ಅಂದ. ಹೌದು ಅಂದೆ. ಎರಡು ಕೇಜಿ ಅಂದ. ಎಷ್ಟು ತೂಗುತ್ತಿದ್ದೆ ಅಂತ ನನಗೇ ನೆನಪಿರಲಿಲ್ಲ. ಅವನ ತಾಯಿ ಒಳಗಿನಿಂದ ಯಾರು ಅಂತ ಕೇಳಿದರು, ಅವರಿಗೆ ಕಣ್ಣಿನ ಪೊರೆ ಬಂದಿದೆ. ಹೆಸರು ಹೇಳಿದೆ. ಆಮೇಲೆ ಅವರೇ ಒಳಗೆ ಕರೆದು ಟೀ ಕೊಟ್ಟರು. ನಾವಿಬ್ಬರೂ ಜಾಸ್ತಿ ಮಾತಾಡಲಿಲ್ಲ.

ಸಭಾಪಾಲಕರಿಗೆ ಈ ಸಲದ ಸಂದೇಶ ಬೇರೆಯವರು ಕೊಡಲಿ ಅಂತ ಹೇಳಿದ್ದೇನೆ. ಮುಂದಿನ ತಿಂಗಳು 12ಕ್ಕೆ ಅವನ ತಾಯಿಗೆ ಕಣ್ಣಿನ ಆಪರೇಷನ್ ಇದೆಯಂತೆ. ಅಂಗಡಿ ಗಾಡಿ ತರುತ್ತೇನೆ, ಅಮ್ಮನನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗಬೇಡ ಅಂದೆ. ಬಸ್ ಸ್ಟಾಪಿನವರೆಗೆ ಜೊತೆಗೆ ಬಂದ. ಬಸ್ ಹೊರಡುವಾಗ, ಬೆಳಿಗ್ಗೆ ಏಳಕ್ಕೇ ಬರಬೇಕಾಗುತ್ತದೆ ಅಂದ.